‘ಆಸ್ಟೆನ್ಸಿಬ್ಲಿ’ ಅಂದರೆ ಬರೀ ‘ಮೇಲ್ನೋಟಕ್ಕೆ’ ಅಲ್ಲ

ಇಂಗ್ಲಿಷಿನಲ್ಲಿ ‘ಆಸ್ಟೆನ್ಸಿಬ್ಲಿ’ ಅಂತ ಒಂದು ಕ್ರಿಯಾವಿಶೇಷಣ ಇದೆ. ಮಾತಿನಲ್ಲಿ ಅಪರೂಪ, ಸಂಪಾದಕೀಯ, ವರದಿ, ತೀರ್ಪುಗಳಲ್ಲಿ ಆಗಾಗ ಎದುರಾಗುತ್ತದೆ. ನಿಘಂಟಿನಲ್ಲಿ ‘ಮೇಲ್ನೋಟಕ್ಕೆ’ ಎಂಬ ಅರ್ಥ ನೋಡಿಕೊಂಡು ಬಳಸಲು ಹೊರಟರೆ ಎಡವಟ್ಟಾಗುತ್ತದೆ.

ಮೂಲ ಲ್ಯಾಟಿನ್ನಿನ ‘ಆಸ್ಟೆಂಡೆರೆ’, ಅಂದರೆ ತೋರಿಸು. ಯಾರೋ ಒಂದು ಕಾರಣವನ್ನು ನಮ್ಮ ಮುಂದೆ ಹಿಡಿದಿದ್ದಾರೆ. ಅಸಲಿ ಕಾರಣ ಅದೇನಾ ಎಂಬ ಗುಮಾನಿ ಬರೆಯುವವರಿಗಿದೆ. ಈ ಎರಡೂ ಇದ್ದರೆ ಮಾತ್ರ ಪದ ಸರಿಯಾಗಿ ಕೂರುತ್ತದೆ. ‘ಹಿ ಲೆಫ್ಟ್ ಅರ್ಲಿ, ಆಸ್ಟೆನ್ಸಿಬ್ಲಿ ಟು ಕ್ಯಾಚ್ ಎ ಟ್ರೇನ್’ ಎಂದರೆ, ರೈಲು ಹಿಡಿಯಬೇಕು ಅಂತ ಹೇಳಿ ಬೇಗ ಹೊರಟ, ನಿಜ ಏನೋ ಗೊತ್ತಿಲ್ಲ ಎಂದ ಹಾಗೆ. ಮೋಡ ಕಟ್ಟಿದ್ದನ್ನು ನೋಡಿ ‘ಆಸ್ಟೆನ್ಸಿಬ್ಲಿ, ಇಟ್ ವಿಲ್ ರೇನ್’ ಅಂದರೆ ಕಿವಿಗೆ ಒಗ್ಗುವುದಿಲ್ಲ. ಮೋಡ ಯಾರಿಗೂ ಸಬೂಬು ಹೇಳುವುದಿಲ್ಲವಲ್ಲ!

ಇನ್ನು ಪದ ಇಡುವ ಜಾಗ. ಹೆಚ್ಚಿನವರು ತಪ್ಪುವುದು ಇಲ್ಲೇ. ಯಾವುದರ ಮೇಲೆ ಅನುಮಾನವೋ ಅದರ ಮುಂದೆಯೇ ಇಡಬೇಕು. ಮೇಲಿನ ವಾಕ್ಯವನ್ನೇ ‘ಹಿ ಆಸ್ಟೆನ್ಸಿಬ್ಲಿ ಲೆಫ್ಟ್ ಅರ್ಲಿ’ ಎಂದು ತಿರುಗಿಸಿದರೆ ಅನುಮಾನ ಕಾರಣದ ಮೇಲಿಂದ ಎದ್ದು ಹೊರಟದ್ದರ ಮೇಲೆಯೇ ಕೂರುತ್ತದೆ: ಹೊರಟ ಹಾಗೆ ಮಾಡಿ ಅಲ್ಲೇ ಎಲ್ಲೋ ಉಳಿದನೇನೋ! ‘ಟು’, ‘ಫಾರ್’, ‘ಬಿಕಾಸ್’ಗಳ ಮುಂದೆ ಇಟ್ಟು, ಅದಕ್ಕೂ ಮುಂಚೆ ಅಲ್ಪವಿರಾಮ ಹಾಕಿದರೆ ಸಾಮಾನ್ಯವಾಗಿ ಗೊಂದಲ ಆಗುವುದಿಲ್ಲ. ಗುಣವಾಚಕದ ಮುಂದೆಯೂ ಬರುತ್ತದೆ: ‘ಆನ್ ಆಸ್ಟೆನ್ಸಿಬ್ಲಿ ಇಂಡಿಪೆಂಡೆಂಟ್ ಕಮಿಟಿ’, ಹೆಸರಿಗೆ ಸ್ವತಂತ್ರ ಸಮಿತಿ.

ಈ ‘ಹೆಸರಿಗೆ’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಕಾರಣ ಹೇಳುವಲ್ಲಿ ‘ಎಂದು ಹೇಳಿಕೊಂಡು’ ಸಾಕು. ‘ಎಂಬ ನೆಪದಲ್ಲಿ’ ಅಂತ ಹಲವರು ಅನುವಾದಿಸುತ್ತಾರೆ, ನನಗದು ಅತಿಯಾಯಿತು ಅನ್ನಿಸುತ್ತದೆ. ನೆಪ ಅಂದಮೇಲೆ ಸುಳ್ಳು ಅಂತ ತೀರ್ಮಾನಿಸಿಬಿಟ್ಟ ಹಾಗೆ. ಇಂಗ್ಲಿಷ್ ಪದ ಅನುಮಾನದ ಹತ್ತಿರವೇ ನಿಲ್ಲುತ್ತದೆ.

ಇದರ ಜೊತೆ ಕಲಸಿಹೋಗುವ ಪದಗಳೂ ಇವೆ. ‘ಅಪ್ಯಾರೆಂಟ್ಲಿ’ ನಮ್ಮ ‘ಅಂತೆ’ಗೆ ಹತ್ತಿರ, ಅದರಲ್ಲಿ ಕೊಂಕು ಇರಲೇಬೇಕೆಂದಿಲ್ಲ. ‘ಅಲೆಜೆಡ್ಲಿ’ ಸಾಬೀತಾಗದ ಆರೋಪಕ್ಕೆ. ‘ಆಸ್ಟೆಂಟೇಷಿಯಸ್ಲಿ’ ಒಂದೇ ಮೂಲದ್ದಾದರೂ ಅರ್ಥ ಆಡಂಬರದಿಂದ ಎಂದು. ಕೀಬೋರ್ಡ್ ಸಲಹೆ ನಂಬಿ ಅದನ್ನು ಒತ್ತಿಬಿಟ್ಟೀರಿ.

ಕಚೇರಿಯ ಇಮೇಲ್‌ನಲ್ಲಂತೂ ಹುಷಾರು. ‘ದ ಮೀಟಿಂಗ್ ಈಸ್ ಪೋಸ್ಟ್‌ಪೋನ್ಡ್, ಆಸ್ಟೆನ್ಸಿಬ್ಲಿ ಡ್ಯೂ ಟು ರೇನ್’ ಎಂದು ನೀವೇ ಸೂಚನೆ ಕಳಿಸಿದರೆ, ನಿಮ್ಮ ಕಾರಣವನ್ನು ನೀವೇ ನಂಬುತ್ತಿಲ್ಲ ಎಂದಾಯಿತು. ಗಾಂಭೀರ್ಯ ಬರಲಿ ಅಂತ ಸೇರಿಸಿದ ಪದ ಮರ್ಯಾದೆ ಕಳೆಯುತ್ತದೆ. ‘ಡ್ಯೂ ಟು ರೇನ್’ ಅಷ್ಟೇ ಸಾಕು.

ಕಾನೂನಿನ ‘ಆಸ್ಟೆನ್ಸಿಬಲ್ ಅಥಾರಿಟಿ’ ಮಾತ್ರ ಬೇರೆ ಲೆಕ್ಕ. ಏಜೆಂಟನಿಗೆ ಅಧಿಕಾರ ಇದೆ ಎಂದು ಹೊರಗಿನವರು ನಂಬುವಂತೆ ಮಾಲೀಕನೇ ನಡೆದುಕೊಂಡಿದ್ದರೆ, ಆಮೇಲೆ ಅಧಿಕಾರ ಕೊಟ್ಟಿರಲಿಲ್ಲ ಎಂದು ಆತ ನುಣುಚಿಕೊಳ್ಳುವುದು ಕಷ್ಟ. ಅಲ್ಲಿ ಕೊಂಕು ಹುಡುಕಬೇಡಿ.