ದುಡ್ಡು ಕೊಟ್ಟರೆ ಬಾವುಟ

ಹಡಗಿನ ಹಿಂಬದಿಯಲ್ಲಿ ಅದರ ಹೆಸರು, ಕೆಳಗೆ ನೋಂದಣಿಯಾದ ಊರು ಬರೆದಿರುತ್ತಾರೆ. ಯಾವ ದೇಶದಲ್ಲಿ ನೋಂದಣಿಯೋ ಆ ದೇಶದ ಬಾವುಟ ಹಡಗಿಗೆ. ಹತ್ತಿರದಿಂದ ನೋಡಿದರೆ ಕೆಲವದರಲ್ಲಿ ಹೊಸ ಬಣ್ಣದಡಿ ಹಳೆಯ ಊರಿನ ಬೆಸುಗೆ ಅಕ್ಷರಗಳು ಉಬ್ಬಿಕೊಂಡು ಕಾಣುತ್ತವೆ. ಕೆಲವದರಲ್ಲಿ ‘ಉಲಾನ್‌ಬಾತರ್’ ಎಂದಿರುತ್ತದೆ. ಅದು ಮಂಗೋಲಿಯಾದ ರಾಜಧಾನಿ. ಬೆಟ್ಟ ಇದೆ, ಹುಲ್ಲುಗಾವಲಿದೆ, ಬೇಕಾದಷ್ಟು ಕುದುರೆಗಳಿವೆ. ಸಮುದ್ರ ಮಾತ್ರ ಇಲ್ಲ. ಆದರೂ 2003ರಲ್ಲಿ ಆ ದೇಶ ಹಡಗು ನೋಂದಣಿ ಶುರು ಮಾಡಿತು, ಸಿಂಗಪುರದಲ್ಲಿ ಕಚೇರಿ ಇಟ್ಟುಕೊಂಡು. ಪಾಪ, ಹಡಗುಗಳಿಗೆ ಹತ್ತಿರವಾಗಬೇಕಲ್ವಾ?

ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಕರಾವಳಿ ಇಲ್ಲದ ದೇಶವೂ ಹಡಗಿಗೆ ತನ್ನ ಬಾವುಟ ಕೊಡಬಹುದು ಎಂದು 1921ರಲ್ಲೇ ಬಾರ್ಸಿಲೋನಾದಲ್ಲಿ ಒಪ್ಪಿಯಾಗಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೇ ವಿಧಿ ಒಂದು ಷರತ್ತು ಹಾಕುತ್ತದೆ: ಹಡಗಿಗೂ ಬಾವುಟದ ದೇಶಕ್ಕೂ ನಿಜವಾದ ಸಂಬಂಧ ಇರಬೇಕು. ಎಂಥ ಸಂಬಂಧ ಅಂತ ಮಾತ್ರ ಹೇಳುವುದಿಲ್ಲ. ಸರಿ, ಶುಲ್ಕ ಕಟ್ಟಿದರೆ ಸಂಬಂಧ ಕುದುರುತ್ತದೆ. ಲೈಬೀರಿಯಾದ ನೋಂದಣಿ ವ್ಯವಹಾರ ನಡೆಯುವುದು ಅಮೆರಿಕದ ವರ್ಜೀನಿಯಾದಲ್ಲಿ. ಮಾರ್ಷಲ್ ದ್ವೀಪಗಳದ್ದೂ ಅಲ್ಲೇ. ನಡು ಸಮುದ್ರದಲ್ಲಿ ಹಡಗಿನ ಮೇಲೆ ಅಧಿಕಾರ ಬಾವುಟದ ದೇಶದ್ದು, ಇದು 92ನೇ ವಿಧಿ. ಸಂಬಳ ಸಿಗದ ನಾವಿಕ ದೂರು ಕೊಡಬೇಕಾದ ದೇಶವನ್ನು ಮೊದಲು ಭೂಪಟದಲ್ಲಿ ಹುಡುಕಲಿ.

2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಬಿದ್ದ ‘ಎವರ್ ಗಿವನ್’ ನೆನಪಿದೆಯಾ? ಮಾಲೀಕರು ಜಪಾನಿನವರು. ಓಡಿಸುತ್ತಿದ್ದ ಕಂಪನಿ ತೈವಾನಿನದು, ನಿರ್ವಹಣೆ ಜರ್ಮನ್ ಕಂಪನಿಯದು, ದುಡಿಯುತ್ತಿದ್ದವರು ಭಾರತೀಯರು. ಬಾವುಟ ಪನಾಮಾದ್ದು. ತನ್ನದೇ ಕಾಲುವೆ ಇರುವ ದೇಶದ ಬಾವುಟ ಹೊತ್ತ ಹಡಗು ಬೇರೆಯವರ ಕಾಲುವೆ ಮುಚ್ಚಿತು! ಆರು ದಿನಕ್ಕೆ ಹಡಗೇನೋ ಕದಲಿತು. ಪರಿಹಾರದ ಚೌಕಾಸಿ ಮಾತ್ರ ಜುಲೈವರೆಗೂ ಎಳೆಯಿತು. ಅಲ್ಲಿವರೆಗೆ ಈಜಿಪ್ಟ್ ಅದನ್ನು ಬಿಡಲಿಲ್ಲ. ಹಡಗಿನಲ್ಲಿ ಕಾದು ಕೂತವರು ಜಪಾನಿನವರೂ ಅಲ್ಲ, ಪನಾಮಾದವರೂ ಅಲ್ಲ.

ಇನ್ನು ಹಡಗಿನ ಮುಪ್ಪು. ಯುರೋಪಿಯನ್ ಒಕ್ಕೂಟದ ಬಾವುಟವಿರುವ ಹಡಗನ್ನು ಎಲ್ಲೆಂದರಲ್ಲಿ ಒಡೆಯುವಂತಿಲ್ಲ, ಒಕ್ಕೂಟ ಒಪ್ಪಿದ ಯಾರ್ಡೇ ಆಗಬೇಕು. ಅದಕ್ಕೇ ಎಷ್ಟೋ ಮುದಿ ಹಡಗುಗಳಿಗೆ ಕೊನೆಗಾಲದಲ್ಲಿ ಕೊಮೊರೋಸ್ ಮೇಲೋ ಪಲಾವ್ ದ್ವೀಪಗಳ ಮೇಲೋ ದಿಢೀರ್ ದೇಶಪ್ರೇಮ ಉಕ್ಕುತ್ತದೆ. ಬಾವುಟ ಬದಲಾಗುತ್ತದೆ, ನಿಯಮ ಕಳಚಿ ಬೀಳುತ್ತದೆ. ಆಮೇಲೆ ಸಮುದ್ರ ಉಕ್ಕುವ ಹೊತ್ತು ನೋಡಿ ಹಡಗು ಒಡೆಯುವ ಗುಜರಾತಿನ ಅಲಂಗ್ ಅಥವಾ ಬಾಂಗ್ಲಾದೇಶದ ಚಿತ್ತಗಾಂಗ್‌ನ ಕೆಸರಿಗೆ ನುಗ್ಗಿಸುವುದಷ್ಟೇ ಬಾಕಿ. ಈ ದೇಶಪ್ರೇಮ ಕೆಲವು ವಾರಗಳದ್ದು. ಜಾಸ್ತಿ ಖರ್ಚೂ ಇಲ್ಲ, ಕೊನೆಯ ಯಾನಕ್ಕೆಂದೇ ರಿಯಾಯಿತಿ ಕೊಡುವ ನೋಂದಣಿಗಳಿವೆ.