ಬೀರುವಿನಲ್ಲಿ ಕೂತ ಹಾರುವ ಓತಿ

ನಿನ್ನೆ ಮಂಡ್ಯದ ಒಂದು ಶಾಲೆಗೆ ತೀರ್ಪುಗಾರನಾಗಿ ಹೋಗಿದ್ದೆ. ಪೂರ್ಣಚಂದ್ರ ತೇಜಸ್ವಿ ಹುಟ್ಟುಹಬ್ಬಕ್ಕೆ ಭಾಷಣ ಸ್ಪರ್ಧೆ. ಭಾಷಣ ಅಂದ್ರೆ ನನಗೆ ಅಲರ್ಜಿ ಅಂತ ನಿಮಗೆಲ್ಲ ಗೊತ್ತು. ಆದರೂ ತೇಜಸ್ವಿ ಹೆಸರು ಕೇಳಿ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದೆ. ತಪ್ಪಾಯ್ತು.

ಹದಿನಾಲ್ಕು ಮಕ್ಕಳು ಮಾತಾಡಿದರು. ಹದಿಮೂರು ಜನರದ್ದು ಒಂದೇ ಭಾಷಣ. ಕೈ ಎಲ್ಲಿ ಎತ್ತಬೇಕು ಅನ್ನೋದೂ ಒಂದೇ. 1938ರ ಸೆಪ್ಟೆಂಬರ್ 8ಕ್ಕೆ ಹುಟ್ಟಿದರು, ಕುವೆಂಪು ಮಗ, ಮೂಡಿಗೆರೆಯಲ್ಲಿ ತೋಟ ಮಾಡಿದರು, 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2007ರ ಏಪ್ರಿಲ್ 5ಕ್ಕೆ ತೀರಿಕೊಂಡರು. ಚಪ್ಪಾಳೆ. ಮುಂದಿನವರು ಬನ್ನಿ. ಆ ಮನುಷ್ಯನನ್ನು ಹದಿಮೂರು ಸಲ ಹುಟ್ಟಿಸಿ ಹದಿಮೂರು ಸಲ ಸಾಯಿಸಿದರು. ನಡುವೆ ಅವರು ಬರೆದದ್ದೇನು ಅಂತ ಒಬ್ಬರೂ ಹೇಳಲಿಲ್ಲ.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಕೂತ ಕುರ್ಚಿಯ ಹಿಂದೆಯೇ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ಒಳಗೆ 'ಕರ್ವಾಲೊ', 'ಪರಿಸರದ ಕತೆ', ಮಿಲೇನಿಯಂ ಸರಣಿಯ ಏಳೆಂಟು ಪುಸ್ತಕ. ಅಂಗಡಿಯಿಂದ ಬಂದ ಹಾಗೇ ಇವೆ, ಒಂದು ಮಡಿಕೆ ಬಿದ್ದಿಲ್ಲ. ಬಾಗಿಲಿಗೆ ಬೀಗ. ಬೀಗದ ಮೇಲೆ ಹೋದ ವರ್ಷದ ಆಯುಧಪೂಜೆಯ ಕುಂಕುಮ ಹಾಗೇ ಒಣಗಿ ಕೂತಿದೆ. ಅಂದ್ರೆ ಅಲ್ಲಿಂದ ಇಲ್ಲಿಯವರೆಗೆ ಯಾರೂ ತೆಗೆದಿಲ್ಲ, ಅಲ್ವಾ?

ಮೇಷ್ಟ್ರನ್ನು ಕೇಳಿದೆ. "ಹರಿದು ಹಾಕ್ತಾರೆ ಸಾರ್. ನಾಳೆ ಲೆಕ್ಕ ಕೇಳಿದ್ರೆ ನಾನು ಕೈಯಿಂದ ಕಟ್ಬೇಕು" ಅಂದರು. ಪಾಪ, ಅವರ ಭಯ ಸುಳ್ಳಲ್ಲ. "ಈ ನೆಪದಲ್ಲಾದ್ರೂ ಮಕ್ಕಳಿಗೆ ಹೆಸರು ಗೊತ್ತಾಗುತ್ತಲ್ಲ" ಅಂತಲೂ ಸೇರಿಸಿದರು. ಹೆಸರು ತಗೊಂಡು ಏನ್ ಮಾಡೋದು ಸ್ವಾಮಿ? ಹೋಟೆಲಿಗೆ ಕರ್ಕೊಂಡು ಹೋಗಿ ದೋಸೆ ಅಂತ ಬೋರ್ಡು ಓದಿಸಿ ವಾಪಸ್ ಕಳಿಸಿದ ಹಾಗಾಯ್ತು.

ಹರಿಯೋ ವಿಷಯಕ್ಕೆ ಬರ್ತೀನಿ. ನನ್ನ ಕೈಗೆ 'ಕರ್ವಾಲೊ' ಸಿಕ್ಕಿದ್ದು 1993ರಲ್ಲಿ, ಏಳನೇ ಕ್ಲಾಸಿನಲ್ಲಿ. ಊರಿನ ಹಾಲಿನ ಡೈರಿ ಪಕ್ಕದ ಕೋಣೆಯೇ ಲೈಬ್ರರಿ. ಪುಸ್ತಕದ ರಟ್ಟು ಕಿತ್ತಿತ್ತು, ಕೊನೆಯ ಹಾಳೆಗಳು ಇರಲೇ ಇಲ್ಲ. ಯಾರ ಬೋಂಡ ಕಟ್ಟೋಕೆ ಹೋಗಿದ್ದವೋ. ನಾನು ಗಣಿತದಲ್ಲಿ ಹದಿನೆಂಟು ತೆಗೆದಿದ್ದ ವರ್ಷ ಅದು. ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯೋದೇ ಬಿಟ್ಟಿದ್ದರು, ದಂಡಪಿಂಡ ಅಂತಲೇ ಮಾತು. ಕತೆಯೊಳಗೆ ನೋಡಿದ್ರೆ ಊರವರ ಕಣ್ಣಿಗೆ ಮಂದಣ್ಣನೂ ಅಂಥವನೇ. ಆದರೆ ಕರ್ವಾಲೊ ಅನ್ನೋ ದೊಡ್ಡ ವಿಜ್ಞಾನಿ ಆ ಮಂದಣ್ಣನ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಅವನ ಕಣ್ಣನ್ನು ನಂಬಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಆ ಪುಟಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಕೊನೆ ಗೊತ್ತಿಲ್ಲವಲ್ಲ, ಅದಕ್ಕೆ ನಾನೇ ಹುಡುಕೋಕೆ ಶುರು ಮಾಡಿದೆ. ಬೇಸಿಗೆ ರಜೆಯೆಲ್ಲಾ ನಾಲೆ ಏರಿ ಮೇಲಿನ ತೆಂಗಿನಮರಗಳನ್ನು ಕತ್ತೆತ್ತಿ ನೋಡಿದ್ದೇ ನೋಡಿದ್ದು. "ಗಾಳಿ ಸೋಕ್ಕಂಡೈತೆ ಕಣ್ರಪ್ಪ ಇವನ್ಗೆ" ಅಂತ ಅಜ್ಜಿ ತಾಯತ ಕಟ್ಟಿಸಿದಳು. ಮಂಡ್ಯದ ಬಯಲಲ್ಲಿ ಹಾರುವ ಓತಿ ಎಲ್ಲಿಂದ ಬರಬೇಕು? ಅದಕ್ಕೆ ಮಲೆನಾಡೇ ಆಗಬೇಕು. ನಮ್ಮಲ್ಲಿ ಇದ್ದದ್ದು ಬೇಲಿ ಮೇಲಿನ ಓತಿಕ್ಯಾತ. ಅದನ್ನು ಕಂಡರೆ ಕಲ್ಲು ಬೀರೋದೇ ನಮ್ಮ ಗುಂಪಿನ ಆಟ. ಆ ಬೇಸಿಗೆ ಕಲ್ಲು ಹಿಡಿದು ನಿಂತವನು ಸುಮ್ನೆ ಕೂತು ನೋಡಿದೆ. ಅದು ತಲೆ ಆಡಿಸಿತು, ಗಂಟಲು ಕೆಂಪಗೆ ಮಾಡಿಕೊಂಡಿತು, ಹೋಯಿತು. ಆಮೇಲೆ ನಾನು ಕಲ್ಲು ಹೊಡೆದಿಲ್ಲ. ಇಷ್ಟೇ ಆಗಿದ್ದು. ವಿಜ್ಞಾನಿ ಆಗಲಿಲ್ಲ, ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡ್ತೀನಿ. ಆದರೆ ಈಗಲೂ ವಾಕಿಂಗ್ ಹೋದವನು ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಡ್ತೀನಿ, ಹೆಂಡತಿ ಅರ್ಧ ಕಿಲೋಮೀಟರ್ ಮುಂದೆ ಹೋಗಿ ತಿರುಗಿ ನೋಡ್ತಾಳೆ.

ಪಿಯುಸಿಗೆ ಮೈಸೂರು ಸೇರಿದ ಮೇಲೆ ಒಂದು ಪುಸ್ತಕದಂಗಡಿಯಲ್ಲಿ ನಿಂತೇ ಕೊನೆಯ ಪುಟಗಳನ್ನು ಓದಿದೆ. ಕೊಳ್ಳೋಕೆ ದುಡ್ಡಿರಲಿಲ್ಲ. ಓತಿ ಸಿಗೋದಿಲ್ಲ! ಪ್ರಪಾತದ ಕಡೆ ತೇಲಿ ಹೋಗಿಬಿಡುತ್ತದೆ. ತೇಜಸ್ವಿ ಮೇಲೆ ಬಂದ ಸಿಟ್ಟಿಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಬೇಕಾಯ್ತು.

ನಿಜವಾದ ಹಾರುವ ಓತಿ ನೋಡುವಾಗ ನನಗೆ ಮೂವತ್ತೈದು. ಮೂಡಿಗೆರೆ ಕಡೆಯ ಅಡಿಕೆ ತೋಟದಲ್ಲಿ, ಮೂತ್ರಕ್ಕೆ ಅಂತ ಮರದ ಮರೆಗೆ ಹೋದಾಗ. ಮರದ ತೊಗಟೆಯೇ ಅಂದುಕೊಂಡಿದ್ದೆ. ತೊಗಟೆಯ ಗಂಟಲಿನಿಂದ ಹಳದಿ ಚರ್ಮವೊಂದು ಬಾವುಟದ ಹಾಗೆ ಹೊರಗೆ ಬಂತು, ಒಳಗೆ ಹೋಯಿತು. ಆಮೇಲೆ ಪಕ್ಕೆಲುಬು ಅಗಲಿಸಿ, ಅದರ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಒಂದು ಮರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಯಿತು. ರೆಕ್ಕೆ ಬಡಿಯೋದಿಲ್ಲ, ಸದ್ದಿಲ್ಲ. ಪ್ಯಾಂಟಿನ ಜಿಪ್ ಹಾಕೋದೂ ಮರೆತು ಓಡಿಬಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ, ಅದು ಬೇರೆ ಮಾತು.

ಈಗ ಹದಿನಾಲ್ಕನೆಯ ಹುಡುಗಿ. ಇದನ್ನು ಬರೆಯಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡಿದ್ದೇನೆ. ಎಂಟನೇ ಕ್ಲಾಸು. ಅಕ್ಕ ತಂದಿಟ್ಟಿದ್ದ ಪುಸ್ತಕ ಓದಿದ್ದಾಳೆ. ಅಧ್ಯಕ್ಷರೇ, ಗುರುಗಳೇ ಏನೂ ಇಲ್ಲ, ಬಂದವಳೇ "ಅದ್ರಲ್ಲಿ ಕಿವಿ ಅಂತ ಒಂದು ನಾಯಿ ಇದೆ" ಅಂತ ಶುರು ಮಾಡಿದಳು. ಎಂಗ್ಟನ ಹಾವಿನ ಕತೆ ಹೇಳುತ್ತಾ ತಾನೇ ನಕ್ಕಳು. ಗಂಟೆ ಬಾರಿಸಿದರು. "ಇನ್ನೊಂದೇ ಒಂದು ಸಾರ್" ಅಂದಳು. ಮತ್ತೆ ಬಾರಿಸಿದರು.

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಉಚ್ಚಾರಣೆ, ಹಾವಭಾವ, ಸಮಯಪಾಲನೆ ಅಂತ ಕಾಲಂಗಳು. ನಾನು ಏನು ಮಾಡಿದೆ ಗೊತ್ತಾ? ಸಮಯಪಾಲನೆಗೆ ಹತ್ತಕ್ಕೆ ಎರಡು ಹಾಕಿದೆ. ಇಷ್ಟುದ್ದ ಬರೆಯುತ್ತಿರುವ ನಾನೇ. ಕೈ ತಾನಾಗಿ ಹಾಕಿಬಿಡ್ತು, ಬ್ಯಾಂಕಿನ ಕೈ. ಅವಳಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಮೊದಲ ಬಹುಮಾನ ಜೋರು ಗಂಟಲಿನ ಹುಡುಗನಿಗೆ. ಅದೂ ಪುಸ್ತಕವಲ್ಲ, ಸ್ಟೀಲ್ ಟಿಫನ್ ಡಬ್ಬಿ.

ಹೊರಡುವಾಗ ಆ ಹುಡುಗಿ ಸ್ಕೂಟರ್ ಹತ್ತಿರ ಬಂದಳು. ಮಾರ್ಕ್ಸ್ ಕೇಳ್ತಾಳೆ ಅಂತ ಎದೆ ಹೊಡ್ಕೊಂಡಿತು.

"ಸಾರ್, ಹಾರುವ ಓತಿ ನಮ್ ಕಡೆ ಇರುತ್ತಾ?"

"ಇಲ್ಲಮ್ಮ, ಇಲ್ಲಿರಲ್ಲ."

"ನೀವು ಹುಡುಕಿದ್ರಾ?"

ಹುಡುಕಿದ್ದೆ ಅಂದೆ. ಯಾವ ಯಾವ ಮರ ಅಂತ ಕೇಳಿದಳು. ನಾಲೆ ಏರಿಯ ತೆಂಗಿನಮರ ಅಂದೆ. ಹಾಗಾದ್ರೆ ಹುಣಸೆಮರ ನೋಡಿಲ್ಲ ಅಂತ ಹೇಳಿ ಓಡಿಹೋದಳು. ಸೋಮವಾರ ಮತ್ತೆ ಆ ಶಾಲೆಗೆ ಹೋಗ್ತೀನಿ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಬೇಕು. ಹರಿದರೆ ನಾನೇ ಕಟ್ಟಿಕೊಡ್ತೀನಿ.