ಹಳೇ ವೆಬ್‌ಸೈಟುಗಳೇ ಚೆನ್ನಾಗಿದ್ದವಾ?

ಪರ: ಬಾಗಿಲಲ್ಲೇ ಅಡ್ಡ ಹಾಕುತ್ತಿರಲಿಲ್ಲ

2004ರಲ್ಲಿ ನಾನು ರಾಣೆಬೆನ್ನೂರಿನ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದೆ. ನಾಲ್ಕು ಕಂಪ್ಯೂಟರ್, ಒಂದು ಫೋನ್ ಲೈನ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಕ್ಯೂ ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಸರ್ಕಾರಿ ಪುಟ ತೆರೆದರೆ ಬೂದು ಹಿನ್ನೆಲೆ, ಒಂದು ಚೌಕ, ಒಂದು ಬಟನ್. ರಿಜಿಸ್ಟರ್ ನಂಬರ್ ಹೊಡೆದರೆ ಹೆಸರು, ಆರು ವಿಷಯ, ಅಂಕ. ಮುಗೀತು. ಪ್ರಿಂಟರ್ ಇನ್ನೂ ಕರ್ ಕರ್ ಅನ್ನುವಾಗಲೇ ಒಬ್ಬಳು ಅಳಲು ಶುರು ಮಾಡಿದ್ದಳು, ಪಾಸಾದ ಖುಷಿಗೆ. ಪುಟ ಚೆನ್ನಾಗಿದೆ ಅಂತ ಅವತ್ತು ಯಾರೂ ಹೇಳಲಿಲ್ಲ. ಯಾರ ಕಣ್ಣಿಗೂ ಅದು ಬಿದ್ದಿರಲೇ ಇಲ್ಲ.

ಈ ವರ್ಷ ಅಣ್ಣನ ಮಗಳ ರಿಸಲ್ಟ್. ಹುಡುಕಿದಾಗ ಮೊದಲು ಸಿಕ್ಕ ಒಂದು ಸೈಟ್ ತೆರೆದೆ. 'ನೋಟಿಫಿಕೇಶನ್ ಕಳಿಸಲಾ?' ಬೇಡ. 'ಕುಕೀಸ್ ಒಪ್ಪುತ್ತೀರಾ?' ಒಪ್ಪಿದೆ, ಏನು ಅಂತ ಗೊತ್ತಿಲ್ಲ. ಮೂಲೆಯಲ್ಲಿ ಒಂದು ವೀಡಿಯೊ ತಾನೇ ಮಾತಾಡಲು ಶುರು ಮಾಡಿತು. ಅದರ ಎಕ್ಸ್ ಗುರುತು ಸಾಸಿವೆ ಕಾಳಿನಷ್ಟು. ಬೆರಳು ಹತ್ತಿರ ಹೋಗುತ್ತಿದ್ದಂತೆ ಪುಟ ಕೆಳಗೆ ಜಾರಿತು, ಬೆರಳು ಜಾಹೀರಾತಿನ ಮೇಲೆ ಬಿತ್ತು. 'ರಿಸಲ್ಟ್ ಇಲ್ಲಿ ನೋಡಿ' ಅಂತ ದೊಡ್ಡ ಹಸಿರು ಬಟನ್. ಒತ್ತಿದೆ. ಸಾಲ ಕೊಡುವ ಆ್ಯಪ್ ಬಂತು. 'ಕೊಡು ಚಿಕ್ಕಪ್ಪ, ನಿನ್ನ ಕೈಲಿ ಆಗಲ್ಲ' ಅಂತ ಅವಳೇ ಫೋನ್ ಕಿತ್ತುಕೊಂಡಳು. ಐದಾರು ಕೊಂಡಿ ದಾಟಿ ಕೊನೆಗೆ ತಲುಪಿದ್ದು ಎಲ್ಲಿಗೆ ಅಂತೀರಿ? ಒಂದು ಚೌಕ, ಒಂದು ಬಟನ್. ಅದೇ!

ಆಗಿನವರೇನು ಬುದ್ಧಿವಂತರಾಗಿರಲಿಲ್ಲ, ಲೈನ್ ಬಡವಾಗಿತ್ತು ಅಷ್ಟೇ. 56ಕೆ ಮೋಡೆಮ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 7 ಕೆಬಿ ಬರುತ್ತಿತ್ತು. ಒಂದು ಚಿತ್ರ ಹಾಕುವ ಮೊದಲು ಹತ್ತು ಸಲ ಯೋಚಿಸಬೇಕು. ಈಗ ಮಾಮೂಲಿ ಪುಟವೇ 2 ಎಂಬಿ ದಾಟುತ್ತದೆ. ಅದನ್ನು ನಮ್ಮ ಕೆಫೆಯಲ್ಲಿ ತೆರೆದಿದ್ದರೆ ಐದು ನಿಮಿಷ ಬೇಕಿತ್ತು. ಆ 2 ಎಂಬಿಯಲ್ಲಿ ನನಗೆ ಬೇಕಾದ ಸುದ್ದಿ ಎಷ್ಟು? ನಾಲ್ಕು ಪ್ಯಾರಾ.

ಯಾಹೂ ನೆನಪಿದೆಯಾ? 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರ್ರಿ ಯಾಂಗ್, ಡೇವಿಡ್ ಫಿಲೋ ಅನ್ನುವ ಇಬ್ಬರು ವಿದ್ಯಾರ್ಥಿಗಳು ಮಾಡಿದ ವೆಬ್‌ಸೈಟುಗಳ ಪಟ್ಟಿ ಅದು. ವಿಷಯದ ಕೆಳಗೆ ವಿಷಯ, ಕಿರಾಣಿ ಅಂಗಡಿಯ ಡಬ್ಬಗಳ ಹಾಗೆ. ನೀಲಿ ಬಣ್ಣ, ಕೆಳಗೆ ಗೆರೆ ಇದ್ದರೆ ಕೊಂಡಿ. ನೇರಳೆಯಾದರೆ ನೋಡಿ ಬಂದಾಗಿದೆ. ನಾಲ್ಕನೇ ಕ್ಲಾಸ್ ಹುಡುಗನಿಗೂ ಗೊತ್ತಿತ್ತು. ಈಗ ಯಾವುದು ಬಟನ್, ಯಾವುದು ಚಿತ್ರ ಅಂತ ಚುಚ್ಚಿ ಚುಚ್ಚಿಯೇ ನೋಡಬೇಕು.

ಪುಟದ ಕೊನೆಗೆ 'ಮುಂದಿನ ಪುಟ' ಅಂತ ಇರುತ್ತಿತ್ತು. ಅಲ್ಲಿ ಕೈ ನಿಲ್ಲುತ್ತಿತ್ತು, ಊಟದ ನೆನಪಾಗುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬುವರು ಕೊನೆಯೇ ಇಲ್ಲದೆ ಉರುಳುವ ಪುಟ ಕಂಡುಹಿಡಿದರು. ಆಮೇಲೆ ಅದಕ್ಕಾಗಿ ಅವರೇ ಪಶ್ಚಾತ್ತಾಪಪಟ್ಟರು. ಇನ್ನು ಬಲೆ ಬೀಸುವ ಆಟಗಳು ಬೇರೆ. 'ಈಗಲೇ ಕೊಳ್ಳಿ, ಎರಡೇ ಉಳಿದಿವೆ' ಅಂತ ಸುಳ್ಳು ಹೇಳುವುದು, ಕೇಳದ್ದನ್ನು ಬುಟ್ಟಿಗೆ ಸೇರಿಸುವುದು. ಇಂಥ 13 ಮೋಸಗಳನ್ನು ಪಟ್ಟಿ ಮಾಡಿ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಹೊರಡಿಸಬೇಕಾಯಿತು. ಮಿಣಮಿಣ ಅನ್ನುವ ಹಳೇ ಜಿಫ್ ಚಿತ್ರಕ್ಕೆ ಯಾವ ಸರ್ಕಾರವೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಗ ಕನ್ನಡ ಎಲ್ಲಿತ್ತು ಅಂತ ಎದುರಿನವರು ಕೇಳುತ್ತಾರೆ, ಗೊತ್ತು. ಫಾಂಟ್ ಇಳಿಸಿಕೊಂಡರೆ ಬರುತ್ತಿತ್ತು. ನಾನೇ ಎಷ್ಟೋ ಜನಕ್ಕೆ ಹಾಕಿಕೊಟ್ಟಿದ್ದೇನೆ, ಹತ್ತು ರೂಪಾಯಿಗೆ.

ವಿರೋಧ: ಆ ಡಬ್ಬಿಗಳನ್ನು ಮರೆತಿರಾ?

ಸಂಪಾದಕರು ಫೋನ್ ಮಾಡಿದಾಗ 'ನಾನೂ ಪರವೇ ಬರೀತೀನಿ' ಅಂದೆ. ಆ ಜಾಗ ಆಗಲೇ ತುಂಬಿತ್ತಂತೆ. ಹಾಗಾಗಿ ಇದು.

ಎದುರಿನವರಿಗೆ ಬೇಕಿರುವುದು ಹಳೇ ವೆಬ್‌ಸೈಟ್ ಅಲ್ಲ, ಹಳೇ ವಯಸ್ಸು. ಆಗಿನ ಪುಟಗಳಲ್ಲಿ ಅಕ್ಷರ ಎಡಕ್ಕೂ ಬಲಕ್ಕೂ ಓಡುತ್ತಿತ್ತು. ಹಳದಿ ಮೇಲೆ ಕೆಂಪು. ಕೆಳಗೆ 'ನೀವು 4312ನೇ ಅತಿಥಿ' ಅನ್ನುವ ಲೆಕ್ಕ. ಜೊತೆಗೆ 'ಈ ತಾಣವನ್ನು 800 x 600 ಅಳತೆಯ ಪರದೆಯಲ್ಲಿ ನೋಡಿ' ಅಂತ ಅಪ್ಪಣೆ. ಮನೆಗೆ ಬಂದವರಿಗೆ 'ಈ ಕುರ್ಚಿಯಲ್ಲೇ, ಹೀಗೇ ಕೂರಿ' ಅಂದ ಹಾಗಾಯಿತು, ಅಲ್ವಾ?

ಹತ್ತು ರೂಪಾಯಿ ಫಾಂಟಿನ ಕಥೆಗೆ ಬರೋಣ. ಯು.ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಶುರು ಮಾಡಿ ಕನ್ನಡವನ್ನು ವೆಬ್‌ಗೆ ತಂದರು, ನಿಜ. ಆಮೇಲೆ ಬಂದ ಪತ್ರಿಕೆಗಳದ್ದು ಒಂದೊಂದಕ್ಕೂ ಒಂದೊಂದು ಫಾಂಟ್. ಒಂದನ್ನು ಓದಿದ ಕಂಪ್ಯೂಟರಿನಲ್ಲಿ ಇನ್ನೊಂದು ತೆರೆದರೆ ಅಕ್ಷರದ ಬದಲು ಖಾಲಿ ಚೌಕದ ಡಬ್ಬಿ, ಇಲ್ಲವೇ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಯಾಕೆಂದರೆ ಒಳಗಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತವೇ, ಮೇಲೆ ಕನ್ನಡದ ವೇಷ ಅಷ್ಟೇ. ಹುಡುಕಿದರೆ ಸಿಗುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತದ ಕನ್ನಡ, ಬಂದ ಮೇಲೂ ಸೈಟುಗಳು ಬದಲಾಗಲು ಎಷ್ಟೋ ವರ್ಷ ಹಿಡಿಯಿತು.

ಇನ್ನೊಂದು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರ, ಒಂದೇ ಪುಟ ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗಲಿ ಅಂತ ಬರೆದರು. ಅದರಿಂದಲೇ ತೀರ್ಥಹಳ್ಳಿಯಲ್ಲಿ ನಮ್ಮಮ್ಮ ದಿನಾ ಬೆಳಗ್ಗೆ ಅಡಿಕೆ ಧಾರಣೆ ನೋಡುತ್ತಾರೆ. ರಾಶಿ, ಬೆಟ್ಟೆ, ಗೊರಬಲು, ಒಂದರ ಕೆಳಗೊಂದು. ಅಕ್ಷರ ದೊಡ್ಡದು ಮಾಡಿಕೊಂಡರೂ ಸಾಲು ಹೊರಗೆ ಹೋಗುವುದಿಲ್ಲ. ಅವರ ವಯಸ್ಸು 71. ಕಂಪ್ಯೂಟರ್ ಮುಟ್ಟಿದವರಲ್ಲ. ಹಳೇ ವೆಬ್‌ನಲ್ಲಿ ಅವರಿಗೆ ಏನಿತ್ತು? ಏನೂ ಇರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅವರದ್ದೇ ಫೋನ್ ಬಂತು. ಧಾರಣೆ ಮೇಲೆ ಏನೋ ಬಂದು ಕೂತಿದೆಯಂತೆ, ಹೋಗುತ್ತಿಲ್ಲವಂತೆ. ಎಕ್ಸ್ ಒತ್ತು ಅಂದೆ.

'ಎಕ್ಸಾ? ಎಲ್ಲಿದೆ ಮಾರಾಯ ಅದು?'